ಮುಖ ಯಾರದು?

ಮರದಲ್ಲಿ ಕೆತ್ತಿದ ಮುಖ ಯಾರಿಗೆ ಸೇರಿದ್ದು? ಕೆತ್ತಿದವನಿಗೋ, ಆ ಮುಖದ ಒಡತಿಗೋ, ಕಾಸು ಕೊಟ್ಟು ಕೊಂಡವನಿಗೋ? ಪಶ್ಚಿಮ ಆಫ್ರಿಕದ ಐವರಿ ಕೋಸ್ಟಿನ ಬೌಲೆ ಜನರ ಬಗ್ಗೆ ಓದಿದಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಅವರ 'ಎಂಬ್ಲೊ' ಕುಣಿತಕ್ಕೆ ಊರಿನವರೇ ಒಬ್ಬರ, ಎಷ್ಟೋ ಸಲ ಹೆಣ್ಣೊಬ್ಬಳ ಮುಖ ಕೆತ್ತುತ್ತಾರೆ. ಗಂಡಸು ಅದನ್ನು ತೊಟ್ಟು ಕುಣಿದರೆ, ಮುಖದ ಒಡತಿ ಪಕ್ಕದಲ್ಲೇ ಹೆಜ್ಜೆ ಹಾಕ್ತಾಳೆ. ಆ ಮುಖವಾಡ ಅವಳ ಜೋಡಿ ಅಂತಾರೆ. ಗೌರವ ಸಿಕ್ಕಿದ್ದು ರಾಣಿಗಲ್ಲ, ಬದುಕಿರುವ ನೆರೆಮನೆಯವಳಿಗೆ! ಕುಣಿತ ಮುಗಿದರೆ ಮುಖವಾಡ ಮತ್ತೆ ಕಣ್ಮರೆ. ಅದನ್ನು ಗೋಡೆಗೆ ನೇತುಹಾಕೋದಿಲ್ಲ.

ಹಾಗಂತ ಅಲ್ಲಿ ಎಲ್ಲವೂ ಸಮ ಅನ್ನಲಾರೆವು. ಗಂಡಸರ ಪವಿತ್ರ ಮುಖವಾಡ 'ಬೊನು ಅಮ್ವಿನ್' ಹೆಂಗಸರ ಕಣ್ಣಿಗೆ ಬೀಳಕೂಡದು. ಆದರೆ ಹೆಂಗಸರ 'ಅದ್ಯಾನುನ್' ಕುಣಿತವನ್ನೂ ಗಂಡಸರು ನೋಡುವಂತಿಲ್ಲ.

1893ರಲ್ಲಿ ಫ್ರೆಂಚರು ಆ ನಾಡನ್ನು ತಮ್ಮ ವಸಾಹತು ಎಂದು ಸಾರಿದರು. ಬೌಲೆಗಳು 1911ರವರೆಗೂ ಕಾದಾಡಿದರು. ಮುಖವಾಡಗಳು ಯುರೋಪಿನ ಗಾಜಿನ ಪೆಟ್ಟಿಗೆ ಸೇರಿದವು. ಕೊಂಡವರಲ್ಲಿ ಬಹುಪಾಲು ಜನ ಕೆತ್ತಿದವನ ಹೆಸರನ್ನೂ ಬರೆದುಕೊಳ್ಳಲಿಲ್ಲ, ಮುಖದ ಒಡತಿಯ ಹೆಸರನ್ನೂ ಬರೆದುಕೊಳ್ಳಲಿಲ್ಲ. ಚೀಟಿಯ ಮೇಲೆ ಉಳಿದದ್ದು ಜನಾಂಗದ ಹೆಸರಷ್ಟೇ.

ಗೆಳೆಯರೇ, ಹೆಸರು ಕೇಳದ ಮೆಚ್ಚುಗೆಯೂ ಒಂದು ಲೂಟಿಯೇ. 'ಎಷ್ಟು ಚೆಂದ' ಅನ್ನೋ ಮೊದಲು, 'ಯಾರಮ್ಮ ಈಕೆ?' ಅಂತ ಕೇಳುವುದನ್ನು ನಾವಾದರೂ ಕಲಿಯೋಣ.