ಅದೇ ಕಾರಾ ಇದು?

ಜಯನಗರ ನಾಲ್ಕನೇ ಟಿ ಬ್ಲಾಕ್‌ನ ಹಳೆಯ ಮನೆಯೊಂದರ ಪೋರ್ಟಿಕೋದಲ್ಲಿ, ಆಕಾಶಮಲ್ಲಿಗೆ ಹೂವು ಬಿದ್ದು ಬಿದ್ದು ಬಣ್ಣಗೆಟ್ಟ ಟಾರ್ಪಾಲಿನ ಕೆಳಗೆ ಹನ್ನೆರಡು ವರ್ಷ ನಿಂತೇ ಇದ್ದ ಕಾರೊಂದು ಹೋದ ವರ್ಷ ನನ್ನ ಪಾಲಿಗೆ ಬಂತು. ಅದು ನನ್ನ ಸೋದರಮಾವನ ಕಾರು. ಮಾವ ಈಗಿಲ್ಲ. ಮಕ್ಕಳಿಬ್ಬರೂ ದೂರದ ಊರುಗಳಲ್ಲಿದ್ದಾರೆ. ಗುಜರಿಗೆ ಹಾಕಿಬಿಡಿ ಎಂದು ಫೋನಿನಲ್ಲೇ ಹೇಳಿ ಮುಗಿಸಿದ್ದರು. ಅತ್ತೆ ಮಾತ್ರ ನನ್ನನ್ನು ಕರೆಸಿ ಕೀಲಿ ಕೈಗಿಟ್ಟರು. ‘ನಿನಗೆ ಇದರ ಹುಚ್ಚಿದೆ, ಏನಾದರೂ ಮಾಡ್ಕೋ’ ಎಂದರು.

ಕಾರಿನ ಹೆಸರು ಸಿಪಾನಿ ಡಾಲ್ಫಿನ್. ಇಂದಿನ ಓದುಗರಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. 1980ರ ದಶಕದಲ್ಲಿ ನಮ್ಮ ಬೆಂಗಳೂರಿನಲ್ಲೇ ತಯಾರಾದ ಕಾರು ಇದು. ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಎಂಬ ಪುಟ್ಟ ಕಾರಿನ ಭಾರತೀಯ ಅವತಾರ. ಎರಡೇ ಬಾಗಿಲು, ಫೈಬರ್‌ಗ್ಲಾಸ್ ಮೈ, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ. ಅಂಬಾಸಡರ್ ಮತ್ತು ಫಿಯಟ್‌ಗಳ ಕಾಲದಲ್ಲಿ ಇಷ್ಟು ಹಗುರವಾದ ಕಾರು ಅಪರೂಪ. ಅದಕ್ಕೇ ರ‍್ಯಾಲಿ ಹುಚ್ಚಿನ ಹುಡುಗರು ಇದನ್ನು ಹುಡುಕಿಕೊಂಡು ಹೋಗುತ್ತಿದ್ದರು. ವಿದೇಶಿ ಸ್ಪೋರ್ಟ್ಸ್ ಕಾರುಗಳನ್ನು ಪತ್ರಿಕೆಗಳಲ್ಲಷ್ಟೇ ನೋಡಬಹುದಾಗಿದ್ದ ಆ ಕಾಲದ ಬೆಂಗಳೂರಿನ ತರುಣರಿಗೆ ಕೈಗೆಟುಕುವ ಸ್ಪೋರ್ಟ್ಸ್ ಕಾರು ಎಂದರೆ ಹೆಚ್ಚು ಕಡಿಮೆ ಇದೇ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಅದರ ಎದುರು ಡಾಲ್ಫಿನ್ ಹೆಚ್ಚು ಕಾಲ ನಿಲ್ಲಲಿಲ್ಲ.

ಕೀಲಿ ಕೈಗೆ ಬಂದ ವಾರವೇ ನಾನೊಂದು ಪಟ್ಟಿ ಮಾಡಿದೆ. ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್. ಡೈನಮೋ ತೆಗೆದು ಆಲ್ಟರ್ನೇಟರ್. ಹೊಸ ವೈರಿಂಗ್. ಸೀಟ್ ಬೆಲ್ಟ್. ಸಾಧ್ಯವಾದರೆ ಎ.ಸಿ. ಕೊನೆಯದಾಗಿ, ಸವೆದುಹೋದ ಎಂಜಿನ್ ಇಳಿಸಿ ಅದರ ಜಾಗಕ್ಕೆ ಮಾರುತಿ ಓಮ್ನಿಯ ಎಂಜಿನ್. ಓಮ್ನಿಯದೂ ಹಿಂದಿನ ಚಕ್ರಗಳನ್ನೇ ತಿರುಗಿಸುವ ಎಂಜಿನ್ ಆದ್ದರಿಂದ ಹೇಗಾದರೂ ಕೂರಿಸಬಹುದು, ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳು ಸಲೀಸಾಗಿ ಸಿಗುತ್ತವೆ ಎಂಬುದು ನಮ್ಮ ಮೆಕ್ಯಾನಿಕ್ ಸಾಹೇಬರ ಲೆಕ್ಕಾಚಾರ. ಡಾಲ್ಫಿನ್ನನ್ನು ಮುಳುಗಿಸಿದ ಮನೆತನದ ಹೃದಯವನ್ನೇ ತಂದು ಅದರ ಎದೆಗೆ ಹಾಕುವುದು! ನನಗೆ ನಗು ಬಂತು. ಅತ್ತೆಗೆ ಬರಲಿಲ್ಲ. ಪಟ್ಟಿಯನ್ನೆಲ್ಲ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: ‘ಇಷ್ಟೆಲ್ಲ ಬದಲಾಯಿಸಿದ ಮೇಲೆ ಅದು ಅವರದೇ ಕಾರಾ?’

ಇದು ಹಳೆಯ ಪ್ರಶ್ನೆ. ಥೀಸಿಯಸ್‌ನ ಹಡಗನ್ನು ಅಥೆನ್ಸಿನವರು ಕಾಪಾಡಿಕೊಂಡು ಬಂದ ಕಥೆಯನ್ನು ಪ್ಲೂಟಾರ್ಕ್ ಹೇಳುತ್ತಾನೆ. ಕೊಳೆತ ಹಲಗೆ ತೆಗೆದು ಹೊಸದು ಹಾಕುತ್ತಾ ಬಂದರು. ಅದು ಅದೇ ಹಡಗೋ ಬೇರೆಯೋ ಎಂದು ತತ್ವಜ್ಞಾನಿಗಳು ಜಗಳವಾಡಿದರು. ಹದಿನೇಳನೆಯ ಶತಮಾನದಲ್ಲಿ ಥಾಮಸ್ ಹಾಬ್ಸ್ ಇದಕ್ಕೊಂದು ತೊಡಕು ಸೇರಿಸಿದ. ತೆಗೆದ ಹಳೆಯ ಹಲಗೆಗಳನ್ನೆಲ್ಲ ಒಬ್ಬ ಜೋಪಾನ ಮಾಡಿ, ಅದೇ ಕ್ರಮದಲ್ಲಿ ಜೋಡಿಸಿ ಇನ್ನೊಂದು ಹಡಗು ಕಟ್ಟಿದರೆ? ಆಗ ಯಾವುದು ಥೀಸಿಯಸ್‌ನದು?

ನಮ್ಮ ಕಡೆ ಇದೇ ಪ್ರಶ್ನೆ ರಥದ ಮೇಲೆ ಬಂದಿದೆ. ಮಿಲಿಂದ ರಾಜ ರಥದಲ್ಲಿ ಬಂದೆನೆಂದಾಗ ಭಿಕ್ಷು ನಾಗಸೇನ ಕೇಳುತ್ತಾನೆ: ರಥ ಎಂದರೆ ಅಚ್ಚೇ? ಚಕ್ರವೇ? ನೊಗವೇ? ಎಲ್ಲದಕ್ಕೂ ರಾಜ ಅಲ್ಲ ಎನ್ನುತ್ತಾನೆ. ಹಾಗಾದರೆ ರಥ ಎಲ್ಲಿದೆ? ಈ ಎಲ್ಲ ಭಾಗಗಳು ಕೂಡಿದಾಗ ನಾವು ಕರೆಯುವ ಹೆಸರು ಅದು, ಅಷ್ಟೇ.

ಪೋರ್ಟಿಕೋದಲ್ಲಿ ಸ್ಪ್ಯಾನರ್ ಹಿಡಿದು ಕೂತವನಿಗೆ ನಾಗಸೇನನ ಉತ್ತರ ಸಮಾಧಾನ ಕೊಡುತ್ತದೆ, ಆದರೆ ದಾರಿ ತೋರಿಸುವುದಿಲ್ಲ. ಹೆಸರೇ ಎಲ್ಲ ಎಂದಾದರೆ ಓಮ್ನಿಯ ಎಂಜಿನ್ ಹಾಕಿ ಡಾಲ್ಫಿನ್ ಎಂದು ಬರೆದರೂ ಆಯಿತು. ಅತ್ತೆ ಕೇಳಿದ್ದು ಕಾರಿನ ಇರವಿನ ಬಗೆಗಲ್ಲ. ಅವರ ಪ್ರಶ್ನೆಯಲ್ಲಿ ‘ಅವರದೇ’ ಎಂಬ ಪದವಿತ್ತು.

ಹಾಗಾದರೆ ಏನನ್ನೂ ಬದಲಿಸದೆ, ಫ್ಯಾಕ್ಟರಿಯಿಂದ ಬಂದ ಹಾಗೆ ಮಾಡಿಡುವುದೇ ನಿಷ್ಠೆಯೇ? ಕೆಲವು ದಿನ ಹಾಗೆಂದೇ ಯೋಚಿಸಿದೆ. ಆದರೆ ಕಾರು ಬಿಚ್ಚುತ್ತಾ ಹೋದಂತೆ ಆ ದಾರಿಯೂ ಮುಚ್ಚಿತು. ಮಾವನ ಕಾರು ಫ್ಯಾಕ್ಟರಿಯ ಕಾರಾಗಿ ಉಳಿದೇ ಇರಲಿಲ್ಲ. ಕಂಪ್ರೆಶನ್ ಹೆಚ್ಚಲೆಂದು ಸಿಲಿಂಡರ್ ಹೆಡ್ಡನ್ನು ಲೇತ್‌ನವರ ಹತ್ತಿರ ಸವೆಸಿದ್ದರು. ಕಾರ್ಬ್ಯುರೇಟರ್ ಬೇರೆ, ರಿಮ್ಮುಗಳು ಅಗಲ. ಹಿಂದಿನ ಸೀಟು ಕಿತ್ತುಹಾಕಿದ್ದರು. ಅದು ಮಹಡಿಯ ಕೋಣೆಯಲ್ಲಿ ನಲವತ್ತು ವರ್ಷದಿಂದ ಸೋಫಾ ಆಗಿದೆ, ಬೇಸಿಗೆ ರಜೆಯಲ್ಲಿ ನಾವು ಅದರ ಮೇಲೇ ಕುಣಿದವರು. ಮೂಲ ಕಾರ್ಬ್ಯುರೇಟರ್ ಅಟ್ಟದ ಮೇಲೆ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಹಾಬ್ಸ್ ಹೇಳಿದ ಎರಡನೆಯ ಹಡಗು ಚೂರುಚೂರಾಗಿ ನಮ್ಮ ಮನೆಯಲ್ಲೇ ಇತ್ತು.

ಈಗ ನಿಷ್ಠೆ ಯಾವ ದಿನಕ್ಕೆ? ಫ್ಯಾಕ್ಟರಿ ಬಾಗಿಲು ದಾಟಿದ ದಿನಕ್ಕೋ, ಮಾವ ಅದರಲ್ಲಿ ಮಣ್ಣಿನ ರಸ್ತೆಗಳಲ್ಲಿ ಹಾರಿಸಿಕೊಂಡು ಹೋದ ದಿನಗಳಿಗೋ, ಟಾರ್ಪಾಲು ಮುಚ್ಚಿದ ದಿನಕ್ಕೋ? ಫ್ಯಾಕ್ಟರಿಯ ದಿನ ಎಂದರೂ, ಅದು ಬೇರೊಂದು ದೇಶದ ಕಿಟನ್ ಇಲ್ಲಿಗೆ ಬಂದು ಹೆಸರು ಬದಲಿಸಿಕೊಂಡ ದಿನವೇ ತಾನೆ. ಮೂಲರೂಪಕ್ಕೆ ಮರಳಿಸುತ್ತೇನೆ ಎನ್ನುವವನು ಕ್ಯಾಲೆಂಡರಿನಲ್ಲಿ ಒಂದು ದಿನ ಆರಿಸಿಕೊಂಡು ಉಳಿದ ದಿನಗಳನ್ನು ಅಳಿಸುತ್ತಿರುತ್ತಾನೆ. ಫ್ಯಾಕ್ಟರಿಯ ರೂಪ ಬೇಕೆಂದರೆ ನಾನು ಅಳಿಸಬೇಕಾಗಿದ್ದದ್ದು ಮಾವನನ್ನೇ.

ನಮ್ಮ ದೇವಸ್ಥಾನಗಳಿಗೆ ಈ ಸಮಸ್ಯೆ ಹೊಸದಲ್ಲ. ಜೀರ್ಣೋದ್ಧಾರಕ್ಕೆ ಮೊದಲು ಕಲಾಕರ್ಷಣೆ ಮಾಡಿ, ದೇವರ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿಕೊಂಡು ಬಾಲಾಲಯದಲ್ಲಿ ಇಡುತ್ತಾರೆ. ಕಲ್ಲು ಬದಲಾಗಲಿ, ಗೋಪುರ ಎತ್ತರವಾಗಲಿ, ಕೆಲಸ ಮುಗಿದ ಮೇಲೆ ಸಾನ್ನಿಧ್ಯ ವಾಪಸು ಬರುತ್ತದೆ. ಏನನ್ನು ಬಿಚ್ಚಬಹುದು ಎಂಬುದಕ್ಕಿಂತ, ಬಿಚ್ಚುವ ಮೊದಲು ಏನನ್ನು ಎತ್ತಿಟ್ಟುಕೊಳ್ಳಬೇಕು ಎಂದು ಕೇಳುವ ಕ್ರಮ ಇದು. ಈ ಕಾರಿನಿಂದ ನಾನು ಎತ್ತಿಟ್ಟುಕೊಳ್ಳಬೇಕಾದ್ದು ಏನು? ಮೊದಲು ಹೊಳೆದದ್ದು ಅದರ ಹಗುರತನ. ಆ ಯೋಚನೆಗೇ ಎ.ಸಿ. ಪಟ್ಟಿಯಿಂದ ಬಿದ್ದುಹೋಯಿತು. ಸುಖ ಸೇರಿಸುತ್ತಾ ಹೋದರೆ ಕಾರು ಭಾರವಾಗುತ್ತದೆ, ಕಡೆಗೆ ಎಲ್ಲ ಕಾರುಗಳ ಹಾಗಾಗುತ್ತದೆ.

ಎರಡನೆಯ ಉತ್ತರ ಸಿಕ್ಕಿದ್ದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ. ಎಣ್ಣೆ ಹೀರಿದ ಇನ್ನೂರು ಪುಟದ ಒಂದು ನೋಟ್‌ಬುಕ್. ಮಾವ ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಲೆಕ್ಕ ಬರೆಯದೆ ನಿದ್ದೆ ಬಾರದು. ಪ್ರತಿ ಬದಲಾವಣೆಗೂ ತಾರೀಖು, ಕಿಲೋಮೀಟರ್, ಖರ್ಚು, ಕೆಲಸ ಮಾಡಿದವರು, ಕಾರಣ, ತೆಗೆದ ಭಾಗ ಎಲ್ಲಿದೆ ಎಂಬ ವಿವರ. ಬಿಸ್ಕತ್ತಿನ ಡಬ್ಬಿಯೂ ಅದರಲ್ಲಿತ್ತು. ಕೆಲವು ಕಡೆ ‘ತಪ್ಪು ಮಾಡಿದೆ, ಮತ್ತೆ ಹಳೆಯದನ್ನೇ ಹಾಕಿದೆ’ ಎಂದೂ ಬರೆದಿದ್ದರು.

ಈ ಪುಸ್ತಕ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಒಂದು ವಸ್ತು ಅದೇ ವಸ್ತುವಾಗಿ ಉಳಿಯುವುದು ಅದರ ಭಾಗಗಳು ಉಳಿಯುವುದರಿಂದ ಅಲ್ಲ. ಯಾವುದನ್ನು, ಯಾವಾಗ, ಯಾಕೆ ಬದಲಿಸಿದೆ ಎಂದು ಕೇಳಿದವರಿಗೆ ಹೇಳಬಲ್ಲವರೊಬ್ಬರು ಸಾಲಾಗಿ ಇರುವುದರಿಂದ. ಬದಲಾದ ಭಾಗ ಈ ಸಾಲನ್ನು ಕಡಿಯುವುದಿಲ್ಲ, ಸುಳ್ಳು ಕಡಿಯುತ್ತದೆ. ಮರುತಯಾರಿ ಮಾಡಿದ ಬಿಡಿಭಾಗ ಹಾಕಿ, ಹಳೆಯ ಬಣ್ಣ ಹೊಡೆದು ‘ಪೂರ್ತಿ ಒರಿಜಿನಲ್’ ಎಂದು ಮಾರುವ ಕಾರಿಗಿಂತ ಮಾವನ ಈ ತಿದ್ದಿದ ಕಾರು ಹೆಚ್ಚು ಪ್ರಾಮಾಣಿಕ.

ಕಾನೂನು ಬೇರೆ ಕಡೆಯಿಂದ ನೋಡುತ್ತದೆ. ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಗೂ ವ್ಯತ್ಯಾಸ ಬರುವಂತೆ ವಾಹನ ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. 2021ರ ವಿಂಟೇಜ್ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿದ ಗಾಡಿಗೆ ‘ವಿಎ’ ಅಕ್ಷರಗಳ ನಂಬರ್ ಸಿಗುತ್ತದೆ. ನಮ್ಮ ಡಾಲ್ಫಿನ್‌ಗೆ ಇನ್ನೂ ಆ ವಯಸ್ಸಾಗಿಲ್ಲ. ಮೊದಮೊದಲು ನನಗೆ ಈ ನಿಯಮಗಳ ಮೇಲೆ ಸಿಟ್ಟಿತ್ತು. ಈಗ ಅಷ್ಟಿಲ್ಲ. ಷಾಸಿ ನಂಬರ್, ಎಂಜಿನ್ ನಂಬರ್ ಎಂದು ಸರ್ಕಾರ ಪಟ್ಟು ಹಿಡಿಯುವುದೂ ಒಂದು ಬಗೆಯ ನೋಟ್‌ಬುಕ್ಕೇ. ಕದ್ದ ಗಾಡಿಗೆ, ಯಾರಿಗೋ ಗುದ್ದಿ ಓಡಿದ ಗಾಡಿಗೆ ಉತ್ತರ ಹೇಳಬೇಕಾದವರು ಯಾರೆಂದು ತಿಳಿಯಬೇಕಲ್ಲ. ಎಂಜಿನ್ ಬದಲಿಸುವ ಮಾತು ಅಲ್ಲಿಗೆ ನಿಂತಿತು. ರಿಲಯಂಟ್ ಎಂಜಿನ್ನಿನಲ್ಲಿ ಸಿಲಿಂಡರಿನ ಒಳಗೋಡೆಗಳೇ ಬೇರೆ ತುಂಡುಗಳು, ಸವೆದರೆ ಲೈನರ್ ಕಿತ್ತು ಹೊಸದು ಕೂರಿಸಬಹುದು. ಅದಕ್ಕೆ ಬೇಕಾದ ಸಾಮಾನು ಇಂಗ್ಲೆಂಡಿನ ಹವ್ಯಾಸಿಗಳ ವಲಯದಲ್ಲಿ ಇನ್ನೂ ಸಿಗುತ್ತದೆ. ಖರ್ಚು ಹೆಚ್ಚು, ಆದರೆ ನಂಬರ್ ಅದೇ.

ಇಲ್ಲಿಯವರೆಗೆ ಎಲ್ಲವೂ ನನಗೆ ಅನುಕೂಲವಾಗಿಯೇ ಇತ್ತು. ಪೆಟ್ಟು ಬಿದ್ದದ್ದು ಬ್ರೇಕಿನ ವಿಷಯದಲ್ಲಿ. ಡಾಲ್ಫಿನ್‌ಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನೋಟ್‌ಬುಕ್ಕಿನಲ್ಲಿ ಎಂಜಿನ್ನಿಗೆ ಅರವತ್ತು ಪುಟ; ಬ್ರೇಕಿಗೆ ಲೈನಿಂಗ್ ಬದಲಿಸಿದ ನಾಲ್ಕು ಸಾಲು. ಮಾವ ಅದನ್ನು ಮುಟ್ಟದೇ ಬಿಟ್ಟದ್ದು ಬೇಕೆಂದೇ ಇರಬೇಕು, ಅದನ್ನು ಹಾಗೇ ಉಳಿಸುವುದು ಅವರಿಗೆ ಮರ್ಯಾದೆ ಎಂದು ಅತ್ತೆಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

‘ನಿಮ್ಮ ಮಾವ ಜೋರಾಗಿ ಹೋಗೋದಕ್ಕೆ ಏನೇನೋ ಮಾಡಿದ್ರು ಕಣೋ. ನಿಲ್ಲೋದಕ್ಕೆ ಏನೂ ಮಾಡಲಿಲ್ಲ. ಭಾನುವಾರ ಅವರು ಹೋದರೆ ಆ ಸೌಂಡ್ ವಾಪಸು ಬೀದಿಗೆ ಬರೋವರೆಗೂ ನಾನು ಅಡುಗೆಮನೆಯಲ್ಲೇ ನಿಂತಿರ್ತಿದ್ದೆ. ಅದನ್ನ ಯಾರು ಬರೆದಿದ್ದಾರೆ?’

ಆ ಶಬ್ದವನ್ನು ಅತ್ತೆ ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡದ್ದು ಪ್ರೀತಿಯಿಂದ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಅದರಲ್ಲಿ ಭಯವೂ ಇತ್ತು. ಪುಸ್ತಕ ಎಷ್ಟು ಪ್ರಾಮಾಣಿಕವಾಗಿದ್ದರೂ ಅದರಲ್ಲಿ ಒಬ್ಬರ ಲೆಕ್ಕವಷ್ಟೇ ಇತ್ತು.

ಅಂದಿನಿಂದ ನನ್ನ ಪ್ರಶ್ನೆ ಬದಲಾಯಿತು. ಕಾರಿಗೆ ನಿಷ್ಠನಾಗಿರುವುದು ಹೇಗೆ ಎಂದು ಕೇಳುತ್ತಿದ್ದೆ. ಕಾರಿಗೆ ನನ್ನಿಂದ ಏನೂ ಬೇಕಿಲ್ಲ. ಅದರ ಸುತ್ತ ಇರುವವರಿಗೆ ಬೇಕು. ಮನೆಯಲ್ಲಿ ಕಾಯುವವರಿಗೆ, ಸೌತ್ ಎಂಡ್ ಸರ್ಕಲ್ಲಿನಲ್ಲಿ ರಸ್ತೆ ದಾಟುವವರಿಗೆ, ಬೆಳಗಿನ ಜಾವ ನಿದ್ದೆ ಬೇಕಾದ ಎದುರು ಮನೆಯ ಹಿರಿಯರಿಗೆ. 1980ರ ದಶಕದ ಜಯನಗರದ ಖಾಲಿ ರಸ್ತೆಯಲ್ಲಿ ಆ ಡ್ರಮ್ಮುಗಳು ಸಾಕಾಗಿದ್ದಿರಬಹುದು. ಈಗ ಸಾಲದು. ಜೋರಾದ ಸೈಲೆನ್ಸರ್ ಆಗಲೂ ನ್ಯಾಯವಾಗಿರಲಿಲ್ಲ. ಹಳೆಯದನ್ನು ಉಳಿಸುವ ಹಕ್ಕು ನನ್ನದಿರಬಹುದು, ಅದರ ಅಪಾಯವನ್ನು ಇನ್ನೊಬ್ಬರ ಮೇಲೆ ಹೊರಿಸುವ ಹಕ್ಕು ನನ್ನದಲ್ಲ.

ಇದಕ್ಕೂ ಮುಂದೆ ಹೋಗಿ ನನ್ನ ಮಗಳು ಕೇಳುತ್ತಾಳೆ: ಹಾಗಾದರೆ ಹೊಗೆ? ಇದೇ ಊರಲ್ಲಿ 2001ರಲ್ಲೇ ರೇವಾ ಬಂದಿತ್ತಲ್ಲ, ಇದಕ್ಕೂ ಬ್ಯಾಟರಿ ಹಾಕಿಬಿಡು. ಅವಳಿಗೆ ಪೂರ್ತಿ ಸಮಾಧಾನವಾಗುವ ಉತ್ತರ ನನ್ನಲ್ಲಿಲ್ಲ. ತಿಂಗಳಿಗೆ ಎರಡು ಸಲ ಹೊರಗೆ ತೆಗೆಯುತ್ತೇನೆ, ಅದಕ್ಕಿಂತ ಹೆಚ್ಚಿಲ್ಲ ಎಂದಿದ್ದೇನೆ. ಅವಳ ಪ್ರಶ್ನೆಯನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಮುಂದೊಂದು ದಿನ ಕೀಲಿ ಅವಳ ಕೈಗೆ ಹೋದಾಗ, ಅವಳೇ ಉತ್ತರ ಬರೆಯಲಿ.

ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿಕೊಂಡೇ ಡಿಸ್ಕ್ ಬ್ರೇಕ್ ಹಾಕಿಸಿದೆ, ಸೀಟ್ ಬೆಲ್ಟ್ ಬಿಗಿಸಿದೆ, ಸೈಲೆನ್ಸರ್ ಬದಲಿಸಿದೆ. ಮೊನ್ನೆ ಭಾನುವಾರ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದಾಗ ಅತ್ತೆ ಗೇಟಿಗೆ ಬಂದರು.

‘ಸೌಂಡೇ ಕೇಳಿಸಲಿಲ್ಲ. ಅದೇ ಕಾರಾ ಇದು?’

ನೋಟ್‌ಬುಕ್ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮಾವನ ಕೊನೆಯ ಪುಟ ನೋಡಿದರು, ಆಮೇಲೆ ನನ್ನ ಮೊದಲ ಪುಟ. ತಾರೀಖು, ಖರ್ಚು, ಕೆಲಸ ಮಾಡಿದವರು ಎಲ್ಲ ಇತ್ತು. ಕಾರಣ ಎಂಬ ಕಡೆ ‘ಅತ್ತೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದರು’ ಎಂದಿತ್ತು. ಅದನ್ನು ಓದಿ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೇಳಿದರು:

‘ಹಳೆಯ ಡ್ರಮ್ಮುಗಳನ್ನ ಎಲ್ಲಿಟ್ಟೆ? ಅದನ್ನ ಬರೆದೇ ಇಲ್ಲ.’

‘ಅಟ್ಟದ ಮೇಲೆ ಇದೆ ಅತ್ತೆ.’

‘ಬರಿ ಮತ್ತೆ’ ಎಂದು ಪೆನ್ನು ತರಲು ಒಳಗೆ ಹೋದರು.