ನೊಂದ ಮಗುವಿಗೆ ಸೂತಕವಿಲ್ಲ

ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣಧರ್ಮವು ಅಲ್ಲಗಳೆದಿದೆ. ಲಿಂಗವನ್ನು ಧರಿಸಿದ ಅಂಗಕ್ಕೆ ಮೈಲಿಗೆಯಿಲ್ಲವೆಂಬುದು ಅದರ ನಿಲುವು. ಕೂಸಿಗೆ ಲಿಂಗಧಾರಣೆ ಮಾಡಿಸುವ ಸಂಪ್ರದಾಯದ ಮರ್ಮವೂ ಇದೇ: ಆ ಎಳೆಯ ಮೈಯೂ ಶಿವನ ಮನೆ. ಹೀಗಿರುವಾಗ, ದುರುಳನೊಬ್ಬನ ಕಾಮಕ್ಕೆ ಸಿಕ್ಕಿ ನೊಂದ ಮಗುವಿನ ಮೇಲೆ ಗೃಹಸ್ಥರೇ ಆರನೆಯ ಸೂತಕವೊಂದನ್ನು ಹೊರಿಸುವುದು ಹೇಗೆ ಸಲ್ಲುತ್ತದೆ? 'ಮನೆಯ ಮಾನ ಹೋದೀತು, ಯಾರಿಗೂ ಹೇಳಬೇಡ' ಎಂಬ ಮಾತೇ ಆ ಸೂತಕ. ಮೈಲಿಗೆ ಮಾಡಿದವನದು, ಮಗುವಿನದಲ್ಲ.

ಹಾಲ್ಕುರಿಕೆಯ ತೋಟದವರಿಗೆ ಕೊಬ್ಬರಿಯ ಪರಿ ತಿಳಿದದ್ದೇ. ಅಟ್ಟಕ್ಕೆ ಹಾಕಿದ ಕಾಯಿ ತಿಂಗಳುಗಟ್ಟಲೆ ಸಿಪ್ಪೆಯೊಳಗೇ ಒಣಗುತ್ತದೆ. ಹೊರನೋಟಕ್ಕೆ ಒಳಗಿನದು ಕಾಣದು. ಬಲ್ಲವನು ಕುಲುಕಿ, ಕಿವಿಗೊಟ್ಟು, ಸದ್ದಿನಿಂದ ಅರಿಯುತ್ತಾನೆ. ಕಾಯಿಗೆ ಕೊಡುವ ಕಿವಿಯನ್ನು ಮಗುವಿಗೂ ಕೊಡಬೇಡವೆ? ಬಂಧುವೊಬ್ಬನನ್ನು ಕಂಡರೆ ಮುದುಡುವ, ಶಾಲೆಗೆ ಹೋಗಲೊಲ್ಲದ, ಇರುಳಿನಲ್ಲಿ ಬೆಚ್ಚಿ ಏಳುವ ಮಗು ಏನನ್ನೋ ಹೇಳಲೆಳಸುತ್ತಿರಬಹುದು. ಕೇಂದ್ರ ಸರ್ಕಾರವು 2007ರಲ್ಲಿ ಪ್ರಕಟಿಸಿದ ಅಧ್ಯಯನವು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತು. ಅವರಲ್ಲಿ ಅರ್ಧಕ್ಕೂ ಮಿಕ್ಕ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡರು. ಕೇಡು ಮಾಡುವವನು ಅನೇಕ ವೇಳೆ ಮನೆಯವರು ನಂಬಿದವನೇ ಆಗಿರುತ್ತಾನೆ.

ಕೇಳಿದ ಮೇಲೆ ಮಾಡುವುದೇನು? 2012ರ ಪೋಕ್ಸೊ ಕಾಯಿದೆಯು ದಾರಿ ತೋರಿದೆ. ಸಂಗತಿ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. 1098 ಎಂಬ ಸಂಖ್ಯೆಗೆ ಹಗಲಿರುಳೂ ಖರ್ಚಿಲ್ಲದೆ ಕರೆ ಮಾಡಬಹುದು. ಮಗುವಿನ ಹೇಳಿಕೆಯನ್ನು ಮಗುವಿನ ಮನೆಯಲ್ಲಿಯೇ ಪಡೆಯಬಹುದು; ಆಗ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು. ನ್ಯಾಯಾಲಯದಲ್ಲಿ ಆರೋಪಿಯು ಮಗುವಿನ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. 2020ರ ನಿಯಮಗಳಂತೆ ಮಕ್ಕಳ ಕಲ್ಯಾಣ ಸಮಿತಿಯು 'ಬೆಂಬಲ ವ್ಯಕ್ತಿ'ಯೊಬ್ಬರನ್ನು ಗೊತ್ತುಮಾಡಬಹುದು; ಅವರು ಆಸ್ಪತ್ರೆಯಿಂದ ತೀರ್ಪಿನವರೆಗೆ ಮಗುವಿನ ಜೊತೆಗಿದ್ದು, ನಡೆಯುವುದನ್ನೆಲ್ಲ ತಿಳಿಯಹೇಳುತ್ತಾರೆ. ಅನ್ನ, ಬಟ್ಟೆ, ಪ್ರಯಾಣಗಳಿಗೆ ತುರ್ತು ನೆರವೂ, ತೀರ್ಪಿಗೆ ಮುನ್ನವೇ ಮಧ್ಯಂತರ ಪರಿಹಾರವೂ ಉಂಟು.

ಆದರೆ ಕಾಗದದ ಮೇಲಿನ ದಯೆ ಬಾಗಿಲಿಗೆ ಬಂದಾಗಲೇ ದಯೆ. ವಿಚಾರಣೆಯು ಸಾಧ್ಯವಾದಷ್ಟು ಒಂದು ವರ್ಷದಲ್ಲಿ ಮುಗಿಯಬೇಕೆಂದು ಕಾಯಿದೆ ಹೇಳಿದರೂ ಎಷ್ಟೋ ಮೊಕದ್ದಮೆಗಳು ಎಳೆಯುತ್ತವೆ. ಬೆಂಬಲ ವ್ಯಕ್ತಿಗಳ ನೇಮಕ, ತರಬೇತಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯವೇ 2023ರಲ್ಲಿ ನಿರ್ದೇಶನ ಕೊಡಬೇಕಾಯಿತು. ಹಳ್ಳಿಯ ಬಡತಾಯಿಗೆ ತುಮಕೂರಿನವರೆಗಿನ ಒಂದೊಂದು ಓಡಾಟವೂ ಒಂದು ದಿನದ ಕೂಲಿಯ ನಷ್ಟ. ಆ ಬಳಲಿಕೆಯನ್ನೇ ಕಾದಿದ್ದು ಊರಿನ ಹಿರಿಯರು 'ರಾಜಿ' ಎನ್ನುತ್ತಾರೆ. ಮಗುವಿನ ಕಣ್ಣೀರನ್ನು ತೂಕಕ್ಕೆ ಹಾಕುವ ಆ ರಾಜಿ ಶರಣರ ನ್ಯಾಯವಲ್ಲ.

ದಾಸೋಹವೆಂದರೆ ಅನ್ನವಿಕ್ಕುವುದಷ್ಟೇ ಅಲ್ಲ. ಆ ತಾಯಿಯೊಡನೆ ಬಸ್ಸಿನಲ್ಲಿ ಕುಳಿತು ಹೋಗುವುದು, ಅವಳ ತೋಟಕ್ಕೆ ನೀರು ಹಾಯಿಸುವುದು, ಮಗುವಿನ ಹೆಸರನ್ನು ನಾಲಗೆಗೆ ತಾರದಿರುವುದು, ನಡೆದುದನ್ನು ಮತ್ತೆ ಮತ್ತೆ ಹೇಳಿಸದಿರುವುದು, ಅದು ಮೊದಲಿನಂತೆ ಆಡಿ ಓದುವಂತೆ ನೋಡಿಕೊಳ್ಳುವುದು—ಇವೂ ದಾಸೋಹವೇ. ಅಕ್ಷರ ಬಲ್ಲ ಶರಣೆಯರು ತರಬೇತಿ ಪಡೆದು ಬೆಂಬಲ ವ್ಯಕ್ತಿಗಳಾಗಿ ನಿಲ್ಲುವುದಾದರೆ, ಅದಕ್ಕಿಂತ ಮಿಗಿಲಾದ ಕಾಯಕ ಯಾವುದು?

ಈ ಮಾತು ಮಠಗಳಿಗೂ, ಅವುಗಳ ಶಾಲೆ ವಸತಿನಿಲಯಗಳಿಗೂ ಸಲ್ಲುತ್ತದೆ. ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವನ್ನು ಕಾಯಿದೆ ವಿಧಿಸಿದೆ. ಕಾವಿಯಾಗಲಿ ವಿಭೂತಿಯಾಗಲಿ ಪಾಪಕ್ಕೆ ಹೊದಿಕೆಯಲ್ಲ. ಮಗುವಿನ ಮಾತನ್ನು ಮೊದಲು ನಂಬಿ ಕೇಳುವ, ಬಳಿಕ ಕೈಹಿಡಿದು ನಡೆಸುವ ಮನೆಯೇ ಮಹಾಮನೆ. ಅಂಥ ಮನೆಗಳು ಊರೂರಲ್ಲಿ ಬೆಳಗಲಿ.