ಬೊಗಸೆಯ ನೀರು

ಬೆಟಗೇರಿಯ ನಮ್ಮ ಓಣಿಯಲ್ಲಿ ನೀರು ಬಂತು ಎನ್ನುವುದಿಲ್ಲ. ‘ನಳಾ ಬಂತು’ ಎನ್ನುತ್ತೇವೆ, ಬೀಗರು ಬಂದ ಹಾಗೆ. ಬೇಸಿಗೆಯಲ್ಲಿ ಎಂಟು ದಿನಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ, ಕೆಲವು ಸಲ ಅದಕ್ಕೂ ತಡವಾಗಿ. ನಡುರಾತ್ರಿಯಾದರೂ ಎದ್ದು ಕೊಡ, ಬ್ಯಾರಲ್ಲು, ಕೊನೆಗೆ ಅಡುಗೆಮನೆಯ ಬೋಗುಣಿಗಳನ್ನೂ ತುಂಬುತ್ತೇವೆ. ಆರು ವರ್ಷದ ಮಗಳಿಗೆ ವಾರದ ಹೆಸರುಗಳು ಬಾಯಿಗೆ ಬರುವ ಮೊದಲೇ ನಳದ ಲೆಕ್ಕ ಬಂದಿತ್ತು.

ಒಮ್ಮೆ ವೀರನಾರಾಯಣನ ಗುಡಿಯಲ್ಲಿ ಆಕೆಗೆ ಕುಮಾರವ್ಯಾಸನ ಕತೆ ಹೇಳಿದೆ. ಕೋನೇರಿಯಲ್ಲಿ ಮಿಂದು, ಉಟ್ಟ ಒದ್ದೆ ಬಟ್ಟೆ ಆರುವವರೆಗಷ್ಟೇ ಕಂಬಕ್ಕೊರಗಿ ಭಾರತ ಬರೆಯುತ್ತಿದ್ದನಂತೆ. ಆಕೆ ಕೇಳಿದ್ದು ಒಂದೇ: ‘ಅಪ್ಪಾ, ಅವರಿಗೆ ದಿನಾ ನಳಾ ಬರ್ತಿತ್ತೇನು?’

ಪಕ್ಕದಲ್ಲಿದ್ದವರು ನಕ್ಕರು. ನನಗೆ ನಗು ಬರಲಿಲ್ಲ. ಹಿಂದಿನ ವಾರವಷ್ಟೇ ಮೂರು ವರ್ಷದ ಮಗ ತುಂಬಿದ ಕೊಡ ಉರುಳಿಸಿದ್ದಕ್ಕೆ ಒದರಿದ್ದೆ. ಅವನು ಅಳಲೂ ಇಲ್ಲ, ಹೆದರಿ ನಿಂತುಬಿಟ್ಟ. ಅಕ್ಕ ಬಟ್ಟೆ ತಂದು, ನೆಲದ ನೀರನ್ನು ಒರೆಸಿ ಒರೆಸಿ ಬಕೆಟ್ಟಿಗೆ ಹಿಂಡಿದಳು. ಅಂದಿನಿಂದ ಆಕೆಯ ಗೊಂಬೆಗೆ ಜಳಕವಿಲ್ಲ. ‘ನಳಾ ಬರ್ಲಿ, ತಡಿ’ ಎಂದು ಅದನ್ನು ಗದರಿಸುತ್ತಾಳೆ, ನನ್ನದೇ ದನಿಯಲ್ಲಿ.

ನೀರಿನ ಬೆಲೆ ಕಲಿಸುತ್ತಿದ್ದೇನೆ ಅಂದುಕೊಂಡಿದ್ದೆ. ಆದರೆ ಆ ದನಿಯಲ್ಲಿ ನೀರಿನ ಮೇಲಿನ ಅಕ್ಕರೆ ಎಲ್ಲಿತ್ತು? ಇದ್ದದ್ದು ಮುಂದಿನ ನಳ ಯಾವಾಗಲೋ ಎಂಬ ಅಂಜಿಕೆ. ಜೋಪಾನ ಎಲ್ಲಿ ಮುಗಿದು ಅಂಜಿಕೆ ಎಲ್ಲಿ ಶುರುವಾಗುತ್ತದೆ ಎಂಬುದು ನನಗೇ ತಿಳಿಯದಿರುವಾಗ ಆರು ವರ್ಷದವಳಿಗೆ ಹೇಗೆ ತಿಳಿದೀತು? ಕೇಳಬೇಕಾದವರ ಮುಂದೆ ಕೇಳದೆ ಉಳಿಸಿಕೊಂಡ ಸಿಟ್ಟನ್ನು ಮೂರು ವರ್ಷದವನ ಮುಂದೆ ಸುರಿದಿದ್ದೆ. ಕೊಡದ ನೀರಿಗಿಂತ ಹೆಚ್ಚು ಚೆಲ್ಲಿದ್ದು ಅದೇ.

ಮೊನ್ನೆ ಇಬ್ಬರನ್ನೂ ಮುಂಡರಗಿ ದಾಟಿ ಹಮ್ಮಿಗಿಗೆ ಕರೆದೊಯ್ದೆ. ಗದಗ-ಬೆಟಗೇರಿಗೆ ತುಂಗಭದ್ರೆಯ ನೀರು ಹೊರಡುವುದು ಅಲ್ಲಿನ ಬ್ಯಾರೇಜಿನಿಂದ.

‘ಇದೆಲ್ಲಾ ನಮ್ಮ ನಳದ ನೀರಾ?’

ಮಗ ದಂಡೆಯಲ್ಲಿ ಕೂತು ಎರಡೂ ಕೈಯಿಂದ ಹೊಳೆ ಬಡಿದು ಕೇಕೆ ಹಾಕಿದ. ಮಗಳು ಬೊಗಸೆ ತುಂಬಿಕೊಂಡಳು. ಮುಖ ತೊಳೆಯಲಿಲ್ಲ, ತಮ್ಮನಿಗೆ ಎರಚಲಿಲ್ಲ. ಹನಿಯೂ ಹೊರಗೆ ಬೀಳದಂತೆ ಬಾಗಿ, ಮತ್ತೆ ಹೊಳೆಗೇ ಬಿಟ್ಟಳು.

‘ಚೆಲ್ಲವ್ವಾ’ ಅಂದೆ. ‘ಇಲ್ಲಿ ಎಷ್ಟ ಬೇಕಾದರೂ ಚೆಲ್ಲು.’

ಆಕೆ ಹೊಳೆಯನ್ನು ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು.